ಜಿಲ್ಲೆಯಲ್ಲಿ ದೊಡ್ಡ ಕುರ್ಚಿ ಯಾರದು? ಕರ್ನಾಟಕದ ಜಿಲ್ಲಾ ಪಂಚಾಯತ್ ವ್ಯವಸ್ಥೆ: ಅಧ್ಯಯನ ಟಿಪ್ಪಣಿ

ಪಂಚಾಯತ್ ರಾಜ್ ಪಾಠವನ್ನು ಇಸವಿಗಳ ಪಟ್ಟಿಯಾಗಿ ಓದಿದರೆ 1959, 1983, 1993ರ ಕಾಯ್ದೆಗಳು ಮೂರೂ ಕಲಸಿಹೋಗುತ್ತವೆ. ನಾನು ಒಂದು ಪ್ರಶ್ನೆ ಹಿಡಿದು ಓದಿದೆ: ಜಿಲ್ಲೆಯಲ್ಲಿ ಡಿಸಿ ದೊಡ್ಡವರೋ, ಜನ ಆರಿಸಿ ಕಳಿಸಿದ ಅಧ್ಯಕ್ಷರು ದೊಡ್ಡವರೋ? ಒಂದೊಂದು ಕಾಯ್ದೆಯೂ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿದೆ.

ಮೊದಲು ಡಿಸಿ ಕುರ್ಚಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್, ಸಂಸ್ಥಾನವನ್ನು ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಮಾಡಿ ಜಿಲ್ಲೆಗೊಬ್ಬ ಡೆಪ್ಯುಟಿ ಕಮಿಷನರ್‌ನನ್ನು ಕೂರಿಸಿದರು. ಮದ್ರಾಸ್, ಬೊಂಬಾಯಿ ಪ್ರಾಂತಗಳಲ್ಲಿ 'ಕಲೆಕ್ಟರ್' ಎನಿಸಿಕೊಂಡ ಅಧಿಕಾರಿ ಮೈಸೂರಿನಲ್ಲಿ 'ಡಿಸಿ' ಆದದ್ದು ಹೀಗೆ. ಕಂದಾಯವೂ ಅವರ ಕೈಯಲ್ಲಿ, ದಂಡಾಧಿಕಾರವೂ ಅವರ ಕೈಯಲ್ಲಿ. 1882ರಲ್ಲಿ ವೈಸರಾಯ್ ಲಾರ್ಡ್ ರಿಪ್ಪನ್ನರ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಬಂದ ಮೇಲೆ ದೇಶದ ಹಲವೆಡೆ ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡುಗಳು ಬೆಳೆದವು. ರಸ್ತೆ, ಶಾಲೆ, ಔಷಧಾಲಯ ಅವುಗಳ ಕೆಲಸ. ಕರಾವಳಿಯಲ್ಲಿ ಇಂದಿಗೂ ಹಿರಿಯರು 'ಬೋರ್ಡ್ ಹೈಸ್ಕೂಲು' ಎನ್ನುತ್ತಾರಲ್ಲ, ಆ ಬೋರ್ಡು ಇದೇ: ಮದ್ರಾಸ್ ಪ್ರಾಂತದ ಕಾಲದ ಜಿಲ್ಲಾ ಬೋರ್ಡು. ಕಾಯ್ದೆ ಸತ್ತರೂ ಹೆಸರು ಉಳಿದಿದೆ.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಮೈಸೂರು, ಬೊಂಬಾಯಿ, ಹೈದರಾಬಾದ್, ಮದ್ರಾಸ್, ಕೊಡಗು ಐದು ಕಡೆಯ ಐದು ಬಗೆಯ ಕಾನೂನುಗಳು ಒಂದೇ ಮನೆಗೆ ಬಂದವು. ಅವನ್ನೆಲ್ಲ ಒಂದು ಚೌಕಟ್ಟಿಗೆ ತಂದದ್ದು 1959ರ ಮೈಸೂರು ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆ. ಊರಿಗೆ ಪಂಚಾಯಿತಿ, ತಾಲ್ಲೂಕಿಗೆ ತಾಲ್ಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಜಿಲ್ಲಾ ಅಭಿವೃದ್ಧಿ ಪರಿಷತ್ತು. ಇಲ್ಲಿ ಎರಡು ಅಂಶ ಗುರುತು ಹಾಕಿಕೊಳ್ಳಿ. ತಾಲ್ಲೂಕು ಮಂಡಳಿಗೆ ಜನರೇ ನೇರವಾಗಿ ಸದಸ್ಯರನ್ನು ಆರಿಸುತ್ತಿದ್ದರು. ಜಿಲ್ಲಾ ಪರಿಷತ್ತು ಬರೀ ಸಲಹಾ ಸಂಸ್ಥೆ, ಅದರ ಅಧ್ಯಕ್ಷರು ಡಿಸಿ. ಅಂದರೆ ಪ್ರಜಾಪ್ರಭುತ್ವ ತಾಲ್ಲೂಕಿನವರೆಗೆ ಬಂದು, ಜಿಲ್ಲಾ ಕಚೇರಿಯ ಬಾಗಿಲಲ್ಲಿ ನಿಂತಿತು.

ಆ ಬಾಗಿಲು ತೆರೆದದ್ದು 1983ರ ಕಾಯ್ದೆ. ಈ ಪಾಠದ ಹೃದಯ ಇದೇ, ಇಲ್ಲಿ ಅವಸರ ಮಾಡಬೇಡಿ. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ, ಗ್ರಾಮೀಣಾಭಿವೃದ್ಧಿ ಸಚಿವರು ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದವರು. 1978ರಲ್ಲಿ, ಪಂಚಾಯತ್ ರಾಜ್ ಬಗ್ಗೆ ಕೇಂದ್ರ ನೇಮಿಸಿದ್ದ ಅಶೋಕ ಮೆಹ್ತಾ ಸಮಿತಿ, ಜಿಲ್ಲೆಯೇ ಅಧಿಕಾರ ಹಂಚಿಕೆಯ ಮೊದಲ ನೆಲೆಯಾಗಬೇಕು, ಅದರ ಕೆಳಗೆ ಹಲವು ಹಳ್ಳಿ ಸೇರಿದ ಮಂಡಲ ಇರಬೇಕು ಎಂದಿತ್ತು. ಕರ್ನಾಟಕ ಆ ಮಾತನ್ನು ಕೈಗೆತ್ತಿಕೊಂಡಿತು. ಕಾಯ್ದೆಯ ಹೆಸರಲ್ಲಿ 1983 ಇದ್ದರೂ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಪರೀಕ್ಷೆಯಲ್ಲಿ ಎಡವುವುದು ಇಲ್ಲೇ.

ಹೊಸ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೂತ ಐಎಎಸ್ ಅಧಿಕಾರಿ ಸೇವೆಯಲ್ಲಿ ಡಿಸಿಗಿಂತ ಹಿರಿಯರು. ಶಾಲೆ, ಆರೋಗ್ಯ ಕೇಂದ್ರ, ಕೃಷಿ, ಪಶುಸಂಗೋಪನೆಯಂಥ ಅಭಿವೃದ್ಧಿ ಕೆಲಸ ಪರಿಷತ್ತಿಗೆ, ಕಂದಾಯ ಮತ್ತು ಕಾನೂನು ಸುವ್ಯವಸ್ಥೆ ಡಿಸಿಗೆ. ಮಹಿಳೆಯರಿಗೆ ಶೇ. 25 ಮೀಸಲಾತಿ ಬಂತು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಬರುವ ಮೊದಲೇ ಇಲ್ಲಿ ಸಾವಿರಾರು ಹೆಣ್ಣುಮಕ್ಕಳು ಸಭೆಯಲ್ಲಿ ಕೂತಿದ್ದರು. ದರ್ಜೆ, ಹಿರಿತನ ಇವು ಬರೀ ಶಿಷ್ಟಾಚಾರದ ಮಾತು ಅಂತ ಅನಿಸಬಹುದು. ಅಲ್ಲ. ಯಾರ ಕಡತ ಯಾರ ಮೇಜಿಗೆ ಹೋಗುತ್ತದೆ, ಯಾರ ಸಭೆಗೆ ಯಾರು ಬರಲೇಬೇಕು ಎನ್ನುವುದು ಇದರಿಂದಲೇ ತೀರ್ಮಾನವಾಗುತ್ತಿತ್ತು.

ಈ ವ್ಯವಸ್ಥೆಯ ಟೊಳ್ಳು ಇದ್ದದ್ದು ತಾಲ್ಲೂಕಿನಲ್ಲಿ. ತಾಲ್ಲೂಕು ಪಂಚಾಯತ್ ಸಮಿತಿಗೆ ನೇರ ಚುನಾವಣೆ ಇರಲಿಲ್ಲ; ಶಾಸಕರು ಅಧ್ಯಕ್ಷರು, ಮಂಡಲ ಪ್ರಧಾನರು (ಮಂಡಲ ಪಂಚಾಯಿತಿಗಳ ಮುಖ್ಯಸ್ಥರು) ಸದಸ್ಯರು. 1959ರಲ್ಲಿ ಗಟ್ಟಿಯಾಗಿದ್ದ ಹಂತ 1983ರಲ್ಲಿ ಸಡಿಲವಾಯಿತು, 1959ರಲ್ಲಿ ಸಡಿಲವಾಗಿದ್ದ ಜಿಲ್ಲೆ ಗಟ್ಟಿಯಾಯಿತು. ಈ ತಿರುವುಮುರುವು ನೆನಪಿದ್ದರೆ ಎರಡು ಕಾಯ್ದೆಗಳೂ ನೆನಪಿದ್ದಂತೆ.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1989ರಲ್ಲಿ ಸರ್ಕಾರ ಬದಲಾಯಿತು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಇಷ್ಟು ಕಷ್ಟಪಟ್ಟು ಕಟ್ಟಿದ ಸಂಸ್ಥೆ ಒಂದೇ ಅವಧಿಗೆ ನಿಂತುಹೋದದ್ದನ್ನು ಓದುವಾಗ ಈಗಲೂ ಸಂಕಟವಾಗುತ್ತದೆ.

ಸಂವಿಧಾನದ 73ನೇ ತಿದ್ದುಪಡಿ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1993ರ ಏಪ್ರಿಲ್ 24ರಿಂದ ಪಂಚಾಯತ್‌ಗಳು ಸಂವಿಧಾನದ ಒಳಗೆ ಬಂದವು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು, ರಾಜ್ಯ ಚುನಾವಣಾ ಆಯೋಗ ಇರಬೇಕು, 20 ಲಕ್ಷಕ್ಕಿಂತ ಹೆಚ್ಚು ಜನರಿರುವ ರಾಜ್ಯದಲ್ಲಿ ಮೂರು ಹಂತ ಇರಲೇಬೇಕು. ಕರ್ನಾಟಕ ಅದೇ ವರ್ಷ ಮೇ 10ರಿಂದ ಹೊಸ ಕಾಯ್ದೆ ಜಾರಿಗೆ ತಂದಿತು. ಮಂಡಲ ಹೋಗಿ ಗ್ರಾಮ ಪಂಚಾಯಿತಿ ಬಂತು, ತಾಲ್ಲೂಕು ಪಂಚಾಯಿತಿಗೆ ನೇರ ಚುನಾವಣೆ ಮರಳಿತು. ಪರಿಷತ್ತು 'ಜಿಲ್ಲಾ ಪಂಚಾಯತ್' ಆಯಿತು, ಮುಖ್ಯ ಕಾರ್ಯದರ್ಶಿ ಹೋಗಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಬಂದರು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ, ಮೇಲಿನ ಎರಡಕ್ಕೂ ಇದೆ.

ಇನ್ನು ಸಂವಿಧಾನದ 243ಜಿ ವಿಧಿಯ ಒಂದು ಕ್ರಿಯಾಪದ. ಕಾನೂನಿನ ಕನ್ನಡದಲ್ಲಿ 'ತಕ್ಕದ್ದು' ಎಂದರೆ ಮಾಡಲೇಬೇಕು, 'ಬಹುದು' ಎಂದರೆ ಮನಸ್ಸಿದ್ದರೆ ಮಾಡಿ. ಚುನಾವಣೆಯ ವಿಷಯದಲ್ಲಿ ಸಂವಿಧಾನ 'ತಕ್ಕದ್ದು' ಎನ್ನುತ್ತದೆ. ಆದರೆ ಹನ್ನೊಂದನೇ ಅನುಸೂಚಿಯ 29 ವಿಷಯಗಳ ಅಧಿಕಾರವನ್ನು ರಾಜ್ಯಗಳು ಪಂಚಾಯತ್‌ಗಳಿಗೆ ಕೊಡ'ಬಹುದು'. ದೇಹ ಕೊಟ್ಟದ್ದು ಸಂವಿಧಾನ, ಉಸಿರು ಉಳಿದದ್ದು ರಾಜ್ಯದ ಕೈಯಲ್ಲಿ. ಹಣದ ಕಥೆಯೂ ಹೀಗೆಯೇ: ಮನೆ ಕಂದಾಯ ಎತ್ತುವ ಅಧಿಕಾರ ಗ್ರಾಮ ಪಂಚಾಯಿತಿಗಿದೆ, ಜಿಲ್ಲಾ ಪಂಚಾಯತ್‌ಗೆ ಅಂಥ ಸ್ವಂತ ತೆರಿಗೆ ಇಲ್ಲ. ಬರುವ ಅನುದಾನದಲ್ಲಿ ದೊಡ್ಡ ಪಾಲು ಸಂಬಳಕ್ಕೆ, ಉಳಿದದ್ದು ಯಾವುದಕ್ಕೆ ಖರ್ಚಾಗಬೇಕು ಎಂಬ ಲೆಕ್ಕಶೀರ್ಷಿಕೆಯನ್ನು ಮೇಲಿಂದಲೇ ಕಟ್ಟಿಕೊಂಡು ಬಂದ ಯೋಜನೆಗಳಿಗೆ. ಅಧ್ಯಕ್ಷರ ಕುರ್ಚಿ ಇದೆ, ಮೇಜಿನ ಡ್ರಾಯರು ಖಾಲಿ.

2010ರಲ್ಲಿ ಮಹಿಳಾ ಮೀಸಲಾತಿ ಶೇ. 50ಕ್ಕೆ ಏರಿತು. ಕಾಯ್ದೆಯ ಸುಧಾರಣೆಗೆಂದು ನೇಮಿಸಿದ್ದ ರಮೇಶ್ ಕುಮಾರ್ ಸಮಿತಿಯ ವರದಿಯ ನಂತರ 2015ರಲ್ಲಿ ದೊಡ್ಡ ತಿದ್ದುಪಡಿ ಆಗಿ, ಕಾಯ್ದೆಯ ಹೆಸರಿಗೆ 'ಗ್ರಾಮ ಸ್ವರಾಜ್' ಸೇರಿತು. ಜಿಲ್ಲಾ, ತಾಲ್ಲೂಕು ಪಂಚಾಯತ್‌ಗಳಿಗೆ 2016ರಲ್ಲಿ ಚುನಾವಣೆ ನಡೆಯಿತು. ಆ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಕ್ಷೇತ್ರ ಪುನರ್ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ಕ್ಷೇತ್ರದ ಗಡಿ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. 1992ರಲ್ಲಿ ಸಂವಿಧಾನದ ರಕ್ಷಣೆ ಇರಲಿಲ್ಲ, 2021ರಲ್ಲಿ ಇತ್ತು. ಆದರೂ ಆಡಳಿತಾಧಿಕಾರಿಗಳು ಬಂದು ಕೂತರು, ಅಧ್ಯಕ್ಷರ ಕೊಠಡಿಗೆ ಬೀಗ ಬಿತ್ತು.