ಕೈಯುಲಾನಿ ಕೊರಗಿ ಕೊರಗಿ ಸತ್ತಳಾ?

ಪ್ರಶ್ನೆ: ಹವಾಯಿಯ ರಾಜಕುಮಾರಿ ಕೈಯುಲಾನಿ ರಾಜ್ಯ ಕೈತಪ್ಪಿದ ದುಃಖದಲ್ಲೇ ಕೊರಗಿ, 23ನೇ ವಯಸ್ಸಿಗೇ ತೀರಿಕೊಂಡಳಂತೆ. ನಿಜವಾ?

ಇಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ! ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಅವಳು ತೀರಿಕೊಂಡಿದ್ದು 1899ರ ಮಾರ್ಚ್ 6ರಂದು, ವಾತಜ್ವರದಿಂದ. ಅದೇ ಜನವರಿಯಲ್ಲಿ ವೈಮೆಯಾದಲ್ಲಿ, ಪಾರ್ಕರ್ ಮನೆತನದ ದನ ಸಾಕುವ ದೊಡ್ಡ ರಾಂಚ್‌ನಲ್ಲಿ ಉಳಿದುಕೊಂಡಿದ್ದಳು. ಕುದುರೆ ಸವಾರಿಗೆ ಹೋದಾಗ ಗಾಳಿಮಳೆಗೆ ಸಿಕ್ಕಿ ತೊಯ್ದು ತೊಪ್ಪೆಯಾದಳು. ಜ್ವರ ಹಿಡಿಯಿತು. ರಾಜಧಾನಿ ಹೊನೊಲುಲುಗೆ ಕರೆತಂದರೂ ಗುಣವಾಗಲಿಲ್ಲ. ಕೀಲುಗಳನ್ನು ಊದಿಸಿ ಹೃದಯಕ್ಕೂ ಪೆಟ್ಟು ಕೊಡುವ ಕಾಯಿಲೆ ಅದು. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ.

ಅವಳಿಗೆ ದುಃಖ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಆದರೆ ಕೊರಗಿನ ಕತೆ ಅವಳನ್ನು ಮೂಲೆಯಲ್ಲಿ ಕೂತು ಅತ್ತ ಹುಡುಗಿಯನ್ನಾಗಿ ಮಾಡಿಬಿಡುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ. ಅವಳು ಮಾಡಿದ್ದನ್ನು ನೋಡಿ.

1893ರ ಜನವರಿ 17ರಂದು ಸಕ್ಕರೆ ವ್ಯಾಪಾರಿಗಳು, ಮಿಷನರಿಗಳ ಮಕ್ಕಳು ಸೇರಿ ರಾಣಿ ಲಿಲಿಯುಓಕಲಾನಿಯನ್ನು ಪಟ್ಟದಿಂದ ಇಳಿಸಿದರು. ಹಿಂದಿನ ದಿನವೇ ಅಮೆರಿಕದ ಯುದ್ಧನೌಕೆಯ ಸೈನಿಕರು ಹೊನೊಲುಲುವಿನಲ್ಲಿ ಇಳಿದಿದ್ದರು. ಪಟ್ಟಕ್ಕೆ ಬರಬೇಕಿದ್ದ ಕೈಯುಲಾನಿ ಆಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಳು. ವಯಸ್ಸು 17. ಸುದ್ದಿ ತಂತಿಯಲ್ಲಿ ಬಂತು. ಅವಳು ಹಡಗು ಹತ್ತಿದಳು. ಮಾರ್ಚ್ 1ರಂದು ನ್ಯೂಯಾರ್ಕಿನಲ್ಲಿ ಇಳಿದವಳೇ ಪತ್ರಕರ್ತರ ಮುಂದೆ ಹೇಳಿಕೆ ಓದಿದಳು. ಎಪ್ಪತ್ತು ವರ್ಷದ ಹಿಂದೆ ನಮಗೆ ಧರ್ಮ ಕಲಿಸಲು ಜನರನ್ನು ಕಳಿಸಿದಿರಿ, ಈಗ ಅವರ ಮಕ್ಕಳೇ ನಿಮ್ಮ ರಾಜಧಾನಿಗೆ ಬಂದು ತಂದೆಯರ ಕೆಲಸವನ್ನು ಹಾಳುಮಾಡಿ ಅಂತ ಕೇಳುತ್ತಿದ್ದಾರೆ ಎಂದಳು. ಹದಿನೇಳರ ಹುಡುಗಿ ಹೀಗೆ ಮರ್ಮಕ್ಕೆ ತಾಗುವಂತೆ ಮಾತಾಡಿದ್ದು ಸಣ್ಣ ವಿಷಯವಲ್ಲ. ಮಾರ್ಚ್ 13ರಂದು ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಅವರನ್ನೂ ಕಂಡಳು. (ಹವಾಯಿಯನ್ನು ಅಮೆರಿಕಕ್ಕೆ ಸೇರಿಸುವ ಒಪ್ಪಂದ ಅವಳ ಮಾತಿಗೇ ನಿಂತಿತು ಅನ್ನುವವರೂ ಇದ್ದಾರೆ. ಅದೂ ತಪ್ಪು. ಕ್ಲೀವ್‌ಲ್ಯಾಂಡ್ ಅದನ್ನು ಮಾರ್ಚ್ 9ಕ್ಕೇ ವಾಪಸ್ ತೆಗೆದುಕೊಂಡಿದ್ದರು.)

ಕೊನೆಗೆ ಹವಾಯಿ ಅಮೆರಿಕದ ಪಾಲಾಗಿ 1898ರ ಆಗಸ್ಟ್ 12ರಂದು ಅಮೆರಿಕದ ಬಾವುಟ ಏರಿದಾಗ ಅವಳಾಗಲಿ ರಾಣಿಯಾಗಲಿ ಆ ಸಮಾರಂಭಕ್ಕೆ ಹೋಗಲಿಲ್ಲ. ಆದರೆ ಹವಾಯಿಗೆ ಹೊಸ ಆಡಳಿತ ರೂಪಿಸಲು ಅಮೆರಿಕದ ಕಮಿಷನರ್‌ಗಳು ಬಂದಾಗ ತನ್ನ ಮನೆ ಐನಹೌನಲ್ಲಿ ಅವರಿಗೆ ದೊಡ್ಡ ಔತಣ ಕೊಟ್ಟಳು. ಕೊರಗಿ ಕೂತವಳ ಕೆಲಸವಾ ಇದು?

ಇನ್ನೊಂದನ್ನು ಯಾರೂ ಕೇಳುವುದಿಲ್ಲ. ಅವಳು ಹೋರಾಡಿದಳು ಸರಿ, ಜನ ಏನು ಮಾಡುತ್ತಿದ್ದರು? 1897ರಲ್ಲಿ ಹೊಸ ಅಧ್ಯಕ್ಷ ಮೆಕಿನ್ಲಿ ಮತ್ತೆ ವಿಲೀನದ ಒಪ್ಪಂದ ತಂದರು. ಆಗ ಹವಾಯಿಯ ಮೂಲನಿವಾಸಿಗಳು ವಿಲೀನ ಬೇಡವೆಂದು ದ್ವೀಪ ದ್ವೀಪ ಸುತ್ತಿ ಸಹಿ ಸಂಗ್ರಹಿಸಿದರು. ಒಂದೇ ಮನವಿಗೆ 21,000ಕ್ಕೂ ಜಾಸ್ತಿ ಸಹಿ! ಅವರ ಒಟ್ಟು ಜನಸಂಖ್ಯೆಯೇ ಆಗ ಸುಮಾರು 40,000. ಹಾಳೆಯ ಮೇಲೆ ಹೆಸರಿನ ಪಕ್ಕ ವಯಸ್ಸೂ ಬರೆದಿದೆ. ಗಂಡಸರ ಸಂಘ, ಹೆಂಗಸರ ಸಂಘ ಎರಡೂ ಓಡಾಡಿದವು. ನಾಲ್ಕು ಜನ ಆ ಕಟ್ಟನ್ನು ವಾಷಿಂಗ್ಟನ್‌ಗೆ ಒಯ್ದು ಸೆನೆಟರ್‌ಗಳ ಬಾಗಿಲು ತಟ್ಟಿದರು. ಒಪ್ಪಂದಕ್ಕೆ ಬೇಕಾದ ಮೂರನೇ ಎರಡು ಬಹುಮತ ಸಿಗಲಿಲ್ಲ. ಆ ಒಪ್ಪಂದ ಅಲ್ಲಿಗೇ ಬಿತ್ತು. ಗೆದ್ದಿದ್ದರು!

ಆಮೇಲೆ ಸ್ಪೇನ್ ಜೊತೆ ಯುದ್ಧ ಶುರುವಾಯಿತು. ಪೆಸಿಫಿಕ್ ನಡುವೆ ನೆಲೆ ಬೇಕೆಂಬ ಕೂಗು ಎದ್ದಿತು. ಒಪ್ಪಂದದ ದಾರಿ ಬಿಟ್ಟು, ಸಂಸತ್ತಿನ ಎರಡೂ ಸದನಗಳಲ್ಲಿ ಬರೀ ಸಾಮಾನ್ಯ ಬಹುಮತ ಸಾಕಾಗುವ ಜಂಟಿ ನಿರ್ಣಯ ತಂದರು. 1898ರ ಜುಲೈ 7ರಂದು ಮೆಕಿನ್ಲಿ ಅದಕ್ಕೆ ಸಹಿ ಹಾಕಿದರು. ಹವಾಯಿ ತಾನಾಗಿಯೇ ಸೇರಿಕೊಂಡಿತು ಅನ್ನುವವರಿಗೆ ಆ ಸಹಿಯ ಹಾಳೆಗಳನ್ನು ತೋರಿಸಿ. ಅವು ಇವತ್ತಿಗೂ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲೇ ಇವೆ.