ನೀರು ತರುವ ಅಧ್ಯಕ್ಷರು ಇನ್ನು ಸಾಕು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಳಕೆದಾರರ ಸಹಕಾರ ಸಂಘಗಳ ಚುನಾವಣೆ ಹತ್ತಿರ ಬಂದಾಗಲೆಲ್ಲ ರೈತರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಯಾರನ್ನು ಆರಿಸಿದರೆ ನಮಗೆ ನೀರು ತಂದುಕೊಟ್ಟಾರು, ಸರ್?" ನೀರಾವರಿ ಕಚೇರಿಗಳಿರುವ ಮುನಿರಾಬಾದಿನವರೆಗೆ ಗುರುತು ಪರಿಚಯ ಇರುವವನು, ಎಂಜಿನಿಯರರನ್ನು ಗದರಿಸಬಲ್ಲವನು, ರಸ್ತೆ ತಡೆಗೆ ಟ್ರ್ಯಾಕ್ಟರ್ ತುಂಬ ಜನರನ್ನು ಕರೆತರಬಲ್ಲವನು ಗೆಲ್ಲುತ್ತಾನೆ. ಮಳೆ ಚೆನ್ನಾದ ವರ್ಷ ಅವನಿಗೆ ಶಾಲು, ಹಾರ. ಕಾಲುವೆಯ ಗೇಜ್, ಅಂದರೆ ನೀರಿನ ಮಟ್ಟ, ಇಳಿದ ವರ್ಷ ಅವನ ಮೊಬೈಲ್ ಸ್ವಿಚ್ ಆಫ್.

ಬಾಯಿ ನೋಯುವಷ್ಟು ಹೇಳಿದ್ದೇನೆ, ಇನ್ನೊಮ್ಮೆ ಹೇಳುತ್ತೇನೆ. ಎಡದಂಡೆ ಕಾಲುವೆಗೆ ಎಷ್ಟು ನೀರು ಎಂಬುದನ್ನು ತೀರ್ಮಾನಿಸುವುದು ನೀರಾವರಿ ಸಲಹಾ ಸಮಿತಿ. ಅದಕ್ಕೂ ಮೊದಲು ತುಂಗಭದ್ರಾ ಜಲಾಶಯ. 133 ಟಿಎಂಸಿ ಅಡಿ ಹಿಡಿಯುವಂತೆ ಕಟ್ಟಿದ್ದರಲ್ಲಿ ಹೂಳು ತುಂಬಿ ಈಗ ನಿಲ್ಲುವುದು ಸುಮಾರು 105. ನಿಮ್ಮ ಅಧ್ಯಕ್ಷ ಮೇಜು ಕುಟ್ಟಿದ ಮಾತ್ರಕ್ಕೆ ಹೂಳು ಕರಗುವುದಿಲ್ಲ. ತೂಬು ದಾಟಿ ಬಂದ ನೀರಷ್ಟೇ ಅವನ ಕೈಯಲ್ಲಿದೆ. ಅದು ಯಾರ ಹೊಲಕ್ಕೆ, ಯಾವ ದಿನ, ಎಷ್ಟು ಗಂಟೆ? ಅವನ ಕೆಲಸ ಇಷ್ಟೇ, ಮತ್ತು ಇದು ಬಲು ಕಷ್ಟದ ಕೆಲಸ. ಏಕೆಂದರೆ ಮೇಲ್ಭಾಗದಲ್ಲಿ ಭತ್ತ ನಾಟಿ ಮಾಡಿಕೊಂಡು ಕುಳಿತ ಸ್ವಂತ ಸೋದರಮಾವನಿಗೂ "ಮಾವ, ನಿನ್ನ ಸರದಿ ಮುಗಿಯಿತು, ತೂಬು ಇಳಿಸು" ಎನ್ನಬೇಕಾಗುತ್ತದೆ. ಎಂಜಿನಿಯರರನ್ನು ಬೈಯುವುದು ಇದಕ್ಕಿಂತ ಎಷ್ಟೋ ಸುಲಭ.

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ಜಲಾಶಯದ ನೀರು ಪೋಲಾಗತೊಡಗಿದಾಗ ಬಹಳಷ್ಟು ಅಧ್ಯಕ್ಷರು "ಏನೂ ಆಗುವುದಿಲ್ಲ, ನಾನಿದ್ದೇನೆ" ಎಂದರು. ಸಿರವಾರದ ಕಡೆ, ಕಾಲುವೆಯ ಕೊನೆಭಾಗದ ಒಂದು ಸಂಘದ ಅಧ್ಯಕ್ಷೆ ಮಾತ್ರ ಹಾಗೆನ್ನಲಿಲ್ಲ. ಇನ್ನೂ ನಾಟಿ ಮಾಡದವರು ಸ್ವಲ್ಪ ತಡೆಯಿರಿ, ಹಿಂಗಾರಿಗೆ ಜೋಳವೋ ಕಡಲೆಯೋ ನೋಡೋಣ ಎಂದು ಸಾರಿದರು. ನೀರು ಕಡಿಮೆಯಾದರೆ ಯಾರ ಸರದಿ ಯಾವಾಗ ಎಂಬುದನ್ನು ಹನುಮಪ್ಪನ ಗುಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಸಿದರು. ರಾತ್ರಿ ಸರದಿ ಎಂದರೆ ಎಲ್ಲರಿಗೂ ಬೇಸರ. ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ನಿಲ್ಲಬೇಕು. ಆ ಅಧ್ಯಕ್ಷೆಯ ಹೆಸರಿನ ಮುಂದೆಯೇ ಇದ್ದದ್ದು ರಾತ್ರಿ ಎರಡರಿಂದ ಐದು.

ವಾರದೊಳಗೆ ಆ ಗೇಟಿನ ಜಾಗದಲ್ಲಿ ತಡೆಹಲಗೆ ಇಳಿಸಿ ನೀರು ಪೋಲಾಗುವುದನ್ನು ನಿಲ್ಲಿಸಲಾಯಿತು, ಮಳೆಯೂ ಬಂತು, ಜಲಾಶಯ ಮತ್ತೆ ತುಂಬಿತು. ಆಗ ಊರವರು "ಸುಮ್ಮನೆ ಹೆದರಿಸಿಬಿಟ್ಟಳು" ಎಂದು ಆ ತಾಯಿಯ ಮೇಲೆಯೇ ಹರಿಹಾಯ್ದರು. ನಮ್ಮ ಜನರ ಮೇಲೆ ನನಗೆ ಅಕ್ಕರೆ ಇದೆ, ಆದರೆ ಇಂಥ ಹೊತ್ತಿನಲ್ಲಿ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಹಾಗೆಂದು ಕೊನೆಭಾಗದವರನ್ನು ಕೂರಿಸಿದರೆ ಎಲ್ಲ ಸರಿಹೋದೀತು ಎಂಬ ಖಾತರಿ ಕೊಡಲಾರೆ. ಗೋಣಿಚೀಲ ತುರುಕಿ ಪಕ್ಕದವರ ತೂಬು ಮುಚ್ಚಿಸಿದ ಕೊನೆಭಾಗದ ಅಧ್ಯಕ್ಷರನ್ನೂ ಕಂಡಿದ್ದೇನೆ. ಮತ ಕೇಳಲು ಬಂದವರನ್ನು ಒಂದು ಪ್ರಶ್ನೆ ಕೇಳಿ: ಗೇಜ್ ಅರ್ಧಕ್ಕೆ ಇಳಿದರೆ ಮೊದಲು ಯಾರ ತೂಬು ಇಳಿಸುತ್ತೀರಿ? "ಹಾಗಾಗಲು ನಾನು ಬಿಡುವುದಿಲ್ಲ" ಎಂಬ ಉತ್ತರ ಬಂದರೆ ಚಹಾ ಕುಡಿಸಿ ಕಳುಹಿಸಿ.