ತುಕ್ಕಿಗೂ ಒಂದು ಕೆಲಸ

ಕಬ್ಬಿಣಕ್ಕೆ ತುಕ್ಕು ಹಿಡಿದರೆ ನಮಗೆ ನಷ್ಟ. ಕೆಟ್ಟುಹೋದ ಅಂತರ್ಜಲವನ್ನು ಸರಿಪಡಿಸುವವರಿಗೆ ಬೇಕಾಗಿರುವುದೇ ಅದು.

ಲೋಹದ ಬಿಡಿಭಾಗಗಳ ಗ್ರೀಸ್ ತೆಗೆಯಲು ಕಾರ್ಖಾನೆಗಳು ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ದಶಕಗಟ್ಟಲೆ ಬಳಸಿದವು. ಬಳಸಿ ಮಿಕ್ಕಿದ್ದನ್ನು ಎಷ್ಟೋ ಕಡೆ ಸುಮ್ನೆ ನೆಲಕ್ಕೆ ಚೆಲ್ಲಿದವು. ಇದು ಕ್ಯಾನ್ಸರ್ ತರುವ ರಾಸಾಯನಿಕ. ನೀರಿಗಿಂತ ಭಾರ. ಹಾಗಾಗಿ ಅಂತರ್ಜಲದ ತಳಕ್ಕಿಳಿದು ಕೂರುತ್ತದೆ, ಅಲ್ಲಿಂದ ಚೂರುಚೂರೇ ಕರಗುತ್ತಿರುತ್ತದೆ. ನೀರನ್ನು ಮೇಲೆತ್ತಿ ಶುದ್ಧ ಮಾಡಿ ಮುಗಿಸುತ್ತೇವೆ ಅಂದರೆ ಹತ್ತಾರು ವರ್ಷ ಬೇಕು.

ಕಬ್ಬಿಣ ತುಕ್ಕು ಹಿಡಿಯುವಾಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಅದು ಸಿಕ್ಕಿದರೆ ಈ ದ್ರಾವಕದ ಅಣುವಿನಿಂದ ಕ್ಲೋರಿನ್ ಕಳಚಿ ಬೀಳುತ್ತದೆ. ಕೊನೆಗೆ ಉಳಿಯುವುದು ಈಥೀನ್, ಈಥೇನ್‌ನಂಥ ಅನಿಲ, ಜೊತೆಗೆ ಅಡುಗೆ ಉಪ್ಪಿನಲ್ಲಿರುವಂಥದೇ ಕ್ಲೋರೈಡ್. ಆದರೆ ಕೆಲಸವೆಲ್ಲ ಕಬ್ಬಿಣದ ಮೈಮೇಲೆ ಮಾತ್ರ ನಡೆಯುತ್ತದೆ. 1 ಸೆಂ.ಮೀ. ಉದ್ದ, ಅಗಲ, ಎತ್ತರದ ಕಬ್ಬಿಣದ ತುಂಡಿಗೆ ಇರುವ ಮೈ ಬರೀ 6 ಚದರ ಸೆಂ.ಮೀ. ಅದನ್ನೇ 50 ನ್ಯಾನೋಮೀಟರಿನ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್) ತುಣುಕುಗಳಾಗಿ ಕತ್ತರಿಸಿದರೆ 120 ಚದರ ಮೀಟರ್! ಎಂಟು ಗ್ರಾಂ ಕೂಡ ತೂಗದ ಕಬ್ಬಿಣ, ಮೂವತ್ತು-ನಲವತ್ತರ ಸೈಟಿಗಿಂತ ಜಾಸ್ತಿ ಜಾಗ.

ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವೇ-ಷಿಯಾನ್ ಜಾಂಗ್ ತಂಡ ಇದನ್ನು ನ್ಯೂಜೆರ್ಸಿಯ ಟ್ರೆಂಟನ್‌ನ ಕಾರ್ಖಾನೆಯೊಂದರ ನೆಲದಲ್ಲಿ ಪರೀಕ್ಷಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿತು. ಪಲ್ಲಾಡಿಯಂ ಎಂಬ ಲೋಹವನ್ನು ಚೂರು ಸೇರಿಸಿದ ಸುಮಾರು 1.7 ಕಿಲೋ ಕಬ್ಬಿಣದ ಕಣಗಳನ್ನು ನೀರಿನಲ್ಲಿ ಕಲಸಿ ಬಾವಿಯೊಂದಕ್ಕೆ ಇಳಿಬಿಟ್ಟರು. ನಾಲ್ಕು ವಾರಗಳ ಅವಧಿಯಲ್ಲಿ ದ್ರಾವಕದ ಪ್ರಮಾಣ ಕೆಲವೆಡೆ ಶೇ. 96ರವರೆಗೂ ಇಳಿಯಿತು.

ಹಾಗಾದರೆ ಎಲ್ಲ ಕಡೆ ಸುರಿಯಬಹುದಲ್ವಾ? ತೊಡಕಿರುವುದು ಅಲ್ಲೇ. ಈ ಕಣಗಳಿಗೆ ಆತುರ ಜಾಸ್ತಿ. ವಿಷ ಸಿಗುವ ಮೊದಲೇ ನೀರಿನ ಜೊತೆಗೂ ಆಮ್ಲಜನಕದ ಜೊತೆಗೂ ವರ್ತಿಸಿ ಸವೆಯುತ್ತವೆ. ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಮಣ್ಣಿನ ಸಂದಿಯಲ್ಲಿ ಸಿಕ್ಕಿಕೊಂಡು ಕೆಲವೇ ಮೀಟರ್ ದೂರದಲ್ಲಿ ನಿಂತುಬಿಡುತ್ತವೆ. ಸೆಲ್ಯುಲೋಸ್‌ನಿಂದ ತಯಾರಾದ ಅಂಟನ್ನು ಮೇಲೆ ಲೇಪಿಸಿದರೆ ಸ್ವಲ್ಪ ಮುಂದೆ ಹೋಗುತ್ತವೆ. ಹಾಗೆ ಹೋದವು ಮಣ್ಣಿನ ಜೀವಿಗಳಿಗೆ ಏನು ಮಾಡುತ್ತವೆ ಎಂಬ ಚಿಂತೆಯೂ ಇತ್ತು. ಬ್ರಿಟನ್ನಿನ ವಿಜ್ಞಾನ ಅಕಾಡೆಮಿಯಾದ ರಾಯಲ್ ಸೊಸೈಟಿ 2004ರಲ್ಲೇ, ಸರಿಯಾಗಿ ತಿಳಿಯುವ ತನಕ ಬಿಡಿ ನ್ಯಾನೋಕಣಗಳನ್ನು ನೆಲಕ್ಕೆ ಬಿಡಬೇಡಿ ಎಂದು ಸಲಹೆ ಕೊಟ್ಟಿತ್ತು. ಅದು ಅತಿ ಎಚ್ಚರಿಕೆ ಎಂದು ನನಗನ್ನಿಸುವುದಿಲ್ಲ.

ಇಷ್ಟಾದರೂ ಸವೆದ ಕಬ್ಬಿಣ ಪೂರ್ತಿ ದಂಡವಲ್ಲ. ನೀರಿನ ಜೊತೆ ವರ್ತಿಸಿದಾಗ ಅದು ಹೈಡ್ರೋಜನ್ ಬಿಡುತ್ತದೆ. ಡಿಹ್ಯಾಲೋಕಾಕಾಯ್ಡಿಸ್ ಎಂಬ ಬ್ಯಾಕ್ಟೀರಿಯಾಗೆ ಅದೇ ಆಹಾರ, ಇದೇ ದ್ರಾವಕವೇ ಉಸಿರು. ಕಬ್ಬಿಣ ಬಿಟ್ಟ ಕೆಲಸವನ್ನು ಅದು ಮುಂದುವರಿಸಬಲ್ಲದು.